ಪುಟ್ಟನನ್ನು ಕೇಳಿದವರಾರು?

2021ರ ಜೂನ್ ತಿಂಗಳ ನಡುವೆ ಒಂದು ವಾರ ತುಂಗಭದ್ರೆಯ ಎರಡು ದಡಗಳಲ್ಲಿ ಎರಡು ನಿಯಮಗಳಿದ್ದವು. ಕೊರೊನಾ ಎರಡನೇ ಅಲೆಯ ಲಾಕ್‌ಡೌನನ್ನು ಸರ್ಕಾರ ಜೂನ್ 14ರಿಂದ ಬಹುಪಾಲು ಜಿಲ್ಲೆಗಳಲ್ಲಿ ಸಡಿಲಿಸಿತು. 11 ಜಿಲ್ಲೆಗಳಲ್ಲಿ ಮಾತ್ರ ಜೂನ್ 21ರವರೆಗೆ ಮುಂದುವರಿಸಿತು. ದಾವಣಗೆರೆ ಆ ಹನ್ನೊಂದರಲ್ಲಿತ್ತು, ಹಾವೇರಿ ಇರಲಿಲ್ಲ. ಹರಿಹರದ ಸೇತುವೆ ದಾಟಿದರೆ ಹಾವೇರಿ ಜಿಲ್ಲೆಯ ಕುಮಾರಪಟ್ಟಣ. ನದಿಯ ಈಚೆ ಮನೆಯೊಳಗಿರಿ ಎಂಬ ಆದೇಶ, ಆಚೆ ನಿಮ್ಮ ಎಚ್ಚರದಲ್ಲಿ ನೀವಿರಿ ಎಂಬ ಸಲಹೆ. ರೋಗಕ್ಕೇನೂ ಸೇತುವೆಯ ಮೇಲೆ ಸ್ವಭಾವ ಬದಲಾಗುತ್ತಿರಲಿಲ್ಲ. ಬದಲಾಗುತ್ತಿದ್ದದ್ದು ತೀರ್ಮಾನ ಮಾಡುವವರು ಯಾರು ಎಂಬುದಷ್ಟೇ.

ನಮ್ಮ ಕಡರನಾಯಕನಹಳ್ಳಿಯಂಥ ಹರಿಹರ ತಾಲ್ಲೂಕಿನ ಹಳ್ಳಿಗಳಲ್ಲಿ ಆ ದಿನಗಳ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ಇತ್ತು: ನಿರ್ಬಂಧ ತೆಗೆದರೆ ಏನು ಮಾಡುತ್ತೀರಿ? ಮುಂದೂಡಿದ ಮದುವೆ ಮಾಡುತ್ತೇವೆ ಎಂದವರಿದ್ದರು. ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿಂದು ಬರುತ್ತೇವೆ ಎಂದವರಿದ್ದರು. ಲಸಿಕೆಯ ಎರಡನೇ ಡೋಸ್ ಆಗುವವರೆಗೆ ಹೊಸ್ತಿಲು ದಾಟುವುದಿಲ್ಲ ಎಂದವರೂ ಇದ್ದರು. ಉತ್ತರಗಳು ಬೇರೆ ಬೇರೆ, ಆದರೆ ಎಲ್ಲರ ವಾಕ್ಯವೂ ‘ನಾನು’ ಎಂದೇ ಶುರುವಾಗುತ್ತಿತ್ತು. ಧೈರ್ಯವಂತರು ‘ನನ್ನ ರಿಸ್ಕು ನನಗೆ’ ಎಂದರೆ, ಅಂಜುವವರು ‘ನನ್ನ ಜೀವ ನನಗೆ’ ಎಂದರು. ಮೇಲುನೋಟಕ್ಕೆ ವಿರುದ್ಧವೆನಿಸುವ ಈ ಎರಡು ಮಾತುಗಳ ವ್ಯಾಕರಣ ಒಂದೇ. ಎರಡರಲ್ಲೂ ಪಕ್ಕದವನಿಲ್ಲ.

ಈ ವ್ಯಾಕರಣಕ್ಕೆ ಕನ್ನಡದಲ್ಲಿ ಒಂದು ದೊಡ್ಡ ಕೃತಿಯೇ ಇದೆ ಎಂದು ನನಗೆ ಹೊಳೆದದ್ದು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಮತ್ತೆ ಓದುವಾಗ. 1965ರ ಈ ಕಾದಂಬರಿಯನ್ನು ನಾವು ತರಗತಿಗಳಲ್ಲಿ ಜಾತಿಯ, ಕಾಮದ, ಧರ್ಮಸಂಕಟದ, ಅಸ್ತಿತ್ವವಾದದ ಕಾದಂಬರಿಯಾಗಿ ಓದಿದ್ದೇವೆ. ಅದು ಪ್ಲೇಗಿನ ಕಾದಂಬರಿಯೂ ಹೌದು ಎಂಬುದು ಅಡಿಟಿಪ್ಪಣಿಯಂತೆ ಉಳಿದಿತ್ತು. ಪ್ಲೇಗು ಅಗ್ರಹಾರದ ಕೊಳೆತವನ್ನು ಸೂಚಿಸುವ ಸಂಕೇತ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಾವು. 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ ಮೇಲೆ, 1896ರಲ್ಲಿ ಮುಂಬೈಗೆ ಬಂದ ಪ್ಲೇಗಿನ ಕಾರಣಕ್ಕೆ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ ನಮ್ಮ ಮದುವೆ, ಜಾತ್ರೆ, ಶವಯಾತ್ರೆಗಳನ್ನು ಆಳತೊಡಗಿದ ಮೇಲೆ, ಸಂಕೇತವನ್ನು ಸಂಕೇತವಾಗಿಯೇ ಓದುವುದು ಕಷ್ಟವಾಯಿತು.

ಕಾದಂಬರಿಯಲ್ಲಿ ಎರಡು ಬಗೆಯ ಸೋಂಕು ಒಟ್ಟಿಗೆ ಹರಿಯುತ್ತವೆ. ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರ ಬಂದು, ಗಡ್ಡೆ ಎದ್ದು ಸಾಯುತ್ತಾನೆ. ದೂರ್ವಾಸಪುರದ ಬ್ರಾಹ್ಮಣರಿಗೆ ಕಾಣುವುದು ಮೈಲಿಗೆ ಮಾತ್ರ. ಹೆಣದ ಸಂಸ್ಕಾರ ಆಗುವವರೆಗೆ ಊಟವಿಲ್ಲ, ಪೂಜೆಯಿಲ್ಲ. ಅದೊಂದು ಲಾಕ್‌ಡೌನೇ. ಇಲಿಗಳು ಹೊರಬಂದು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ; ಜನ ಜಾಗಟೆ ಬಾರಿಸಿ ಅವನ್ನು ಓಡಿಸುತ್ತಾರೆ. ಪತ್ರಿಕೆ ಓದುವ ಪಾರಿಜಾತಪುರದ ಮಂಜಯ್ಯನಿಗೆ ಇದು ಪ್ಲೇಗೆಂದು ಗೊತ್ತಾಗುತ್ತದೆ. ಶಾಸ್ತ್ರ ಓದುವ ಪ್ರಾಣೇಶಾಚಾರ್ಯರು ಉತ್ತರಕ್ಕಾಗಿ ತಾಳೆಗರಿ ಹುಡುಕುತ್ತಿರುತ್ತಾರೆ.

ಇಲ್ಲಿ ನಿರ್ಬಂಧದ ಪರ ವಾದಿಸುವವರು ಒಂದು ಕ್ಷಣ ನಿಲ್ಲಬೇಕು. ದೂರ್ವಾಸಪುರದಲ್ಲಿ ನಿರ್ಬಂಧವೇನೂ ಸಡಿಲವಾಗಿರಲಿಲ್ಲ, ಅಕ್ಷರಶಃ ಪಾಲನೆಯಾಗುತ್ತಿತ್ತು. ಆದರೆ ಅದು ಯಾರ ಜೀವವನ್ನೂ ಕಾಯಲಿಲ್ಲ. ಹೆಣವನ್ನು ಮನೆಯಲ್ಲೇ ಕೊಳೆಯಲು ಬಿಟ್ಟಿತು, ಜನರನ್ನು ಹಸಿವಿಗೆ ದೂಡಿತು. ಹಸಿವು ತಾಳದ ದಾಸಾಚಾರ್ಯ ಪಾರಿಜಾತಪುರದ ಮಂಜಯ್ಯನ ಮನೆಯಲ್ಲಿ ಗುಟ್ಟಾಗಿ ಉಪ್ಪಿಟ್ಟು ತಿನ್ನುತ್ತಾನೆ. ಲಾಕ್‌ಡೌನಿನಲ್ಲಿ ಹಿಂಬಾಗಿಲಿನಿಂದ ನಡೆದ ಎಷ್ಟೋ ಊಟಗಳನ್ನು ಕಂಡ ನಮಗೆ ಈ ಉಪ್ಪಿಟ್ಟು ಈಗ ಬರಿಯ ಹಾಸ್ಯವಾಗಿ ಕಾಣುವುದಿಲ್ಲ. ಕಾರಣ ಮರೆತ ನಿಯಮ ಜನರಿಗೆ ಕಲಿಸುವುದು ಎಚ್ಚರವನ್ನಲ್ಲ, ಮುಚ್ಚುಮರೆಯನ್ನು. ಕೊನೆಗೆ ಹೆಣ ಸುಡುವುದು ಚಂದ್ರಿ, ಅಹಮದ್ ಬ್ಯಾರಿಯ ನೆರವಿನಿಂದ, ರಾತ್ರಿಯಲ್ಲಿ. ನಿಯಮ ಯಾರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವೋ ಆ ಇಬ್ಬರು ಸೇರಿ ಊರಿಗೆ ಆಗಬೇಕಾದ ಕೆಲಸವನ್ನು ಮಾಡಿ ಮುಗಿಸುತ್ತಾರೆ.

ನಮ್ಮ ಪ್ರಶ್ನೆಗೆ ಹತ್ತಿರದ ಭಾಗ ಬರುವುದು ಆಮೇಲೆ. ಹೆಂಡತಿ ಭಾಗೀರಥಿ ತೀರಿಕೊಂಡು, ಅವಳನ್ನು ದಹಿಸಿದ ಆಚಾರ್ಯರು ಊರು ಬಿಟ್ಟು ನಡೆಯುತ್ತಾರೆ. ಅವರ ಮೇಲಿನ ಎಲ್ಲ ನಿರ್ಬಂಧಗಳೂ ಒಮ್ಮೆಗೇ ಕಳಚಿವೆ. ದಾರಿಯಲ್ಲಿ ಪುಟ್ಟ ಎಂಬ ಮಾಲೇರ ಜೊತೆಯಾಗುತ್ತಾನೆ. ಬಿಟ್ಟರೂ ಬಿಡದೆ ಮೇಳಿಗೆಯ ತೇರಿಗೆ ಕರೆದೊಯ್ಯುತ್ತಾನೆ. ಕಾಫಿ ಅಂಗಡಿ, ಕೋಳಿ ಅಂಕ, ಪದ್ಮಾವತಿಯ ಮನೆ, ಕೊನೆಗೆ ಸೂತಕದಲ್ಲಿದ್ದುಕೊಂಡೇ ದೇವಸ್ಥಾನದ ಪಂಕ್ತಿಯಲ್ಲಿ ಊಟ. ಅನಂತಮೂರ್ತಿ ಹುಟ್ಟಿದ್ದೂ ಮೇಳಿಗೆಯಲ್ಲೇ, ಆ ಜಾತ್ರೆಯ ಗದ್ದಲ ಪುಟಗಳಲ್ಲಿ ನಿಜವಾಗಿ ಕೇಳಿಸುತ್ತದೆ. ನವ್ಯ ವಿಮರ್ಶೆ ಈ ಭಾಗವನ್ನು ವ್ಯಕ್ತಿಯೊಬ್ಬ ತನ್ನ ಆಯ್ಕೆಯ ಹೊಣೆಯನ್ನು ಹೊರಲು ಕಲಿಯುವ ಘಟ್ಟವೆಂದು ಓದಿತು. ಅಪಾಯ ಎದುರಿಸುವುದೇ ಇಲ್ಲಿ ಸ್ವಾತಂತ್ರ್ಯದ ಗುರುತು.

ಈ ಓದು ತಪ್ಪಲ್ಲ, ಆದರೆ ಅರ್ಧದ್ದು. ಪ್ಲೇಗಿಗೆ ಜನ ಸಾಯುತ್ತಿರುವ ಊರಿನಿಂದ ಬಂದ ಒಬ್ಬ ವ್ಯಕ್ತಿ, ತಾನು ಯಾರು, ಎಲ್ಲಿಂದ ಬಂದೆ ಎಂಬುದನ್ನು ಮರೆಸಿಕೊಂಡು ಸಾವಿರಾರು ಜನ ಸೇರಿದ ಜಾತ್ರೆಯೊಳಗೆ ಸುತ್ತುತ್ತಿದ್ದಾನೆ ಎಂಬ ವಾಕ್ಯವೂ ಅಷ್ಟೇ ನಿಜ. 2020ಕ್ಕೆ ಮೊದಲು ಹೀಗೊಂದು ವಾಕ್ಯ ಬರೆದಿದ್ದರೆ ಅದು ಸಾಹಿತ್ಯ ವಿಮರ್ಶೆಯಲ್ಲ, ಆರೋಗ್ಯ ಇಲಾಖೆಯ ವರದಿ ಎನ್ನುತ್ತಿದ್ದರೇನೋ. ಆಚಾರ್ಯರಿಗೆ ಪಂಕ್ತಿಯಲ್ಲಿ ಭಯವಿದೆ, ಬೆವರು ಇದೆ, ಯಾರಾದರೂ ಗುರುತು ಹಿಡಿದಾರೆಂಬ ನಡುಕವಿದೆ. ಆ ಭಯ ಸಿಕ್ಕಿಬೀಳುವ ಭಯ, ಮೈಲಿಗೆ ಮಾಡುತ್ತಿದ್ದೇನೆಂಬ ಭಯ. ಪಕ್ಕದ ಎಲೆಯವನ ಮೈಗೆ ಏನಾದೀತು ಎಂಬುದು ಅದರಲ್ಲಿಲ್ಲ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಪ್ಲೇಗು ಕೊರೊನಾ ಅಲ್ಲ. ಗಡ್ಡೆಯ ಪ್ಲೇಗು ಹರಡುವುದು ಮುಖ್ಯವಾಗಿ ಇಲಿಗಳ ಮೈಮೇಲಿನ ಚಿಗಟಗಳಿಂದ. ಪಂಕ್ತಿಯಲ್ಲಿ ಪಕ್ಕ ಕೂತವನ ಉಸಿರಿನಿಂದ ಅಲ್ಲ. ರೋಗ ಶ್ವಾಸಕೋಶಕ್ಕೆ ಇಳಿದಾಗ ಮಾತ್ರ ಅದು ಉಸಿರಿನಿಂದ ಹಬ್ಬುತ್ತದೆ. ಹಾಗಾಗಿ ಆಚಾರ್ಯರು ಮೇಳಿಗೆಗೆ ರೋಗ ಹೊತ್ತು ತಂದರು ಎಂದು ಆರೋಪಿಸುವುದು ನನ್ನ ಉದ್ದೇಶವಲ್ಲ. ಕಾದಂಬರಿಯನ್ನು ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿ ಗೆಲ್ಲುವುದು ಸುಲಭ, ಅದರಿಂದ ಕಲಿಯುವುದೇನೂ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ಅಪಾಯದ ಆ ಲೆಕ್ಕದಲ್ಲಿ ಪುಟ್ಟ ಏಕೆ ಇಲ್ಲ?

ಪುಟ್ಟನನ್ನು ನೆನಪಿಸಿಕೊಳ್ಳಿ. ಮಾತು ಬಿಡದ, ಒಗಟು ಹಾಕುವ, ಜನರ ನಡುವೆ ಇರುವುದೇ ಬದುಕೆಂದುಕೊಂಡ ಮನುಷ್ಯ. ಶಾಸ್ತ್ರ ಮತ್ತು ಕಾಯಿಲೆಯ ಹೆಂಡತಿಯ ಆರೈಕೆಯ ನಡುವೆ ಬದುಕು ಕಳೆದ ಆಚಾರ್ಯರಿಗೆ ಲೋಕದ ಪರಿಚಯ ಮಾಡಿಸುವವನು ಅವನೇ. ಅವನಿಲ್ಲದಿದ್ದರೆ ಆಚಾರ್ಯರು ಕಾಡಿನ ದಾರಿಯಲ್ಲೇ ಉಳಿಯುತ್ತಿದ್ದರು. ಬೆರೆಯುವುದು ಭೋಗವಲ್ಲ, ಮನುಷ್ಯನಾಗಿ ಉಳಿಯಲು ಬೇಕಾದ ಅಗತ್ಯ ಎಂಬುದನ್ನು ಅವನಷ್ಟು ಚೆನ್ನಾಗಿ ತೋರಿಸುವ ಪಾತ್ರ ಕನ್ನಡದಲ್ಲಿ ವಿರಳ. ಲಾಕ್‌ಡೌನಿನಲ್ಲಿ ಜನ ಹಾತೊರೆದದ್ದು ಇಂಥ ಪುಟ್ಟರಿಗಾಗಿಯೇ. ಅವನ ಜೊತೆ ನಡೆಯುವ, ಅವನು ಕರೆದಲ್ಲಿಗೆ ಹೋಗುವ ಮನುಷ್ಯ ಯಾವ ಊರಿನಿಂದ ಏನನ್ನು ಬಿಟ್ಟು ಬಂದಿದ್ದಾನೆಂಬುದು ಜಾತ್ರೆಯಲ್ಲಿ ಸುತ್ತುವಾಗ ಅವನಿಗೆ ಗೊತ್ತಿಲ್ಲ. ಗೊತ್ತಿದ್ದೂ ಅವನು ಜೊತೆ ಬರುತ್ತಿದ್ದನೇನೋ, ಅವನ ಸ್ವಭಾವವೇ ಹಾಗೆ. ಆದರೆ ಹೌದು ಎನ್ನುವ ಅವಕಾಶ ಅವನಿಗೆ ಸಿಗಲಿಲ್ಲ. ಕೊನೆಯಲ್ಲಿ ಆಚಾರ್ಯರು ತಪ್ಪೊಪ್ಪಿಕೊಳ್ಳಲು ಹೊರಡುವುದೂ ದೂರ್ವಾಸಪುರದ ಬ್ರಾಹ್ಮಣರ ಎದುರಿಗೆ. ಮೇಳಿಗೆಯಲ್ಲಿ ಭುಜಕ್ಕೆ ಭುಜ ತಾಗಿಸಿದವರು ಆ ಯೋಚನೆಯ ಅಂಚಿನಲ್ಲೂ ಇಲ್ಲ.

ಇದೇ ಕಾದಂಬರಿಯಲ್ಲಿ ಅಪಾಯವನ್ನು ಆಯ್ದುಕೊಳ್ಳುವ ಸೌಲಭ್ಯವೇ ಇಲ್ಲದವರೂ ಇದ್ದಾರೆ. ಅಗ್ರಹಾರದಾಚೆಯ ಕೇರಿಯಲ್ಲಿ ಬೆಳ್ಳಿಯ ಅಪ್ಪ ಅವ್ವ ಸಾಯುತ್ತಾರೆ. ಹೆಣವಿದ್ದ ಗುಡಿಸಲಿಗೇ ಬೆಂಕಿ ಇಡುವುದು ಅಲ್ಲಿಯ ಸಂಸ್ಕಾರ. ಅಲ್ಲಿ ಧರ್ಮಜಿಜ್ಞಾಸೆಯಿಲ್ಲ, ಅಂತರಂಗದ ತೊಳಲಾಟಕ್ಕೆ ಪುಟಗಳೂ ಇಲ್ಲ. ನಿರ್ಬಂಧ ತೆಗೆದಾಗ ನಮ್ಮಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ, ಹರಿಹರದಿಂದ ನಿಂತುಕೊಂಡೇ ಬಸ್ಸಿನಲ್ಲಿ ಬರುವ ಅಂಗಡಿ ಹುಡುಗರಿಗೆ ‘ನೀವು ಹೊರಗೆ ಹೋಗುತ್ತೀರಾ?’ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ನಮ್ಮ ಧೈರ್ಯಕ್ಕೆ ದೋಸೆ ಹುಯ್ದುಕೊಟ್ಟವರು ಅವರು.

ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು (1970) ಇಲ್ಲಿ ಜೊತೆಗಿಟ್ಟು ಓದಬಹುದು. ಅಲ್ಲಿ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಾರೆ. ನಂಜಮ್ಮನ ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರೂ ಪ್ಲೇಗಿಗೆ ಬಲಿಯಾಗುತ್ತಾರೆ, ಮುಂದೆ ನಂಜಮ್ಮನೂ. ಗಂಡನ ಹೆಸರಿನಲ್ಲಿ ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ನಡೆಸುವ ಅವಳಿಗೆ ಊರು ಖಾಲಿಯಾದರೂ ದುಡಿಮೆ ಖಾಲಿಯಾಗುವುದಿಲ್ಲ. ಅವಳಿಗೆ ಅಪಾಯ ಎಂದರೆ ಅಂತರಂಗದ ನಾಟಕವಲ್ಲ. ಮನೆಮಂದಿಯನ್ನೆಲ್ಲ ಸೇರಿಸಿ ಹಾಕಬೇಕಾದ ದಿನನಿತ್ಯದ ಲೆಕ್ಕ. ಈ ಎರಡು ಕಾದಂಬರಿಗಳ ಜಗಳವನ್ನು ನಾವು ನವ್ಯ ಮತ್ತು ನವ್ಯವಲ್ಲದ್ದರ ಜಗಳವಾಗಿ ಆಡಿದ್ದೇವೆ. ಸಾಂಕ್ರಾಮಿಕದ ಕಡೆಯಿಂದ ನೋಡಿದರೆ ಅವು ಒಂದು ಪ್ರಶ್ನೆಗೆ ಎರಡು ಉತ್ತರಗಳು: ಅಪಾಯದ ಲೆಕ್ಕದ ಘಟಕ ಯಾವುದು, ವ್ಯಕ್ತಿಯೋ ಮನೆಯೋ?

ಊರೇ ಘಟಕವಾಗುವ ಮೂರನೇ ಉತ್ತರವೂ ನಮ್ಮ ಸೀಮೆಯಲ್ಲೇ ಇದೆ. ಚಿತ್ರದುರ್ಗ, ದಾವಣಗೆರೆ ಭಾಗದ ಹಲವು ಹಳ್ಳಿಗಳಲ್ಲಿ ಕೆಟ್ಟ ರೋಗ, ಕೆಟ್ಟ ಕಾಲ ಬಂದಾಗ ಹೊರಬೀಡು ಆಚರಿಸುತ್ತಾರೆ. ಬೆಳಗಾಗುತ್ತಲೇ ಮನೆಗಳಿಗೆ ಬೀಗ ಹಾಕಿ, ದನಕರು, ಮಕ್ಕಳು ಮರಿ ಸಮೇತ ಇಡೀ ಊರು ಹೊಲಗಳಿಗೆ ಹೋಗಿ ಅಲ್ಲೇ ಅಡುಗೆ ಮಾಡಿ ಉಂಡು, ಸಂಜೆ ಪೂಜೆ ಮುಗಿಸಿ ವಾಪಸಾಗುತ್ತದೆ. ಇದರಿಂದ ವೈರಸ್ ಸಾಯುತ್ತದೆಂದು ನಾನು ಹೇಳುತ್ತಿಲ್ಲ. ಹಳ್ಳಿಯ ಒಗ್ಗಟ್ಟಿನೊಳಗೆ ಯಾರ ಬಿಡಾರ ಎಲ್ಲಿ ಎಂಬ ಜಾತಿಯ ಗೆರೆ ಇರುವುದನ್ನೂ ಮರೆಯಬಾರದು. ಆದರೆ ಈ ಆಚರಣೆಯ ರಚನೆ ಗಮನಿಸಬೇಕಾದದ್ದು. ಹೊರಡುವ ಹೊತ್ತಿನಂತೆ ಮರಳುವ ಹೊತ್ತನ್ನೂ ಕೂಡಿಯೇ ಗೊತ್ತು ಮಾಡಿರುತ್ತಾರೆ. ಮೊದಲು ಹೋಗಿ ಬಾಗಿಲು ತೆರೆದವನಿಗೆ ಧೈರ್ಯಶಾಲಿ ಎಂಬ ಹೆಸರಿಲ್ಲ. ಕಮೂವಿನ ‘ದಿ ಪ್ಲೇಗ್’ (1947) ಕಾದಂಬರಿಯಲ್ಲಿ ಓರಾನ್ ನಗರದ ಬಾಗಿಲುಗಳು ಕೊನೆಗೆ ಎಲ್ಲರಿಗೂ ಒಟ್ಟಿಗೆ ತೆರೆಯುತ್ತವೆ. ನಮ್ಮಲ್ಲಿ ಸರ್ಕಾರದ ಬಾಗಿಲು ಜೂನ್ 21ಕ್ಕೆ ತೆರೆಯಿತು; ಆಮೇಲಿನ ಬಾಗಿಲುಗಳನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕೈಯಿಂದಲೇ ತೆರೆಯಬೇಕಾಯಿತು.

ಹಾಗಾದರೆ ಹೊರಗೆ ಹೋಗಬಾರದಿತ್ತೇ? ‘ಸಂಸ್ಕಾರ’ ಓದಿದ ಯಾರೂ ಹಾಗೆನ್ನಲಾರರು. ಅಗ್ರಹಾರದಲ್ಲೇ ಉಳಿಯುವುದು ಉತ್ತರವಲ್ಲ ಎಂಬುದು ಆ ಕಾದಂಬರಿ ಕಲಿಸುವ ಮೊದಲ ಪಾಠ. ಮೇಳಿಗೆಗೆ ಹೋಗಲೇಬೇಕು, ಪುಟ್ಟನ ಜೊತೆ ಕಾಫಿ ಕುಡಿಯಲೇಬೇಕು. ಹೋಗುವ ಮುನ್ನ ಪುಟ್ಟನಿಗೆ ಹೇಳಬೇಕು: ನಮ್ಮೂರಿನಲ್ಲಿ ಜನ ಸಾಯುತ್ತಿದ್ದಾರೆ, ನನ್ನ ಮನೆಯಲ್ಲೇ ಒಂದು ಸಾವಾಗಿದೆ, ಆದರೂ ಬರುತ್ತೀಯಾ? ಮನೆಯಲ್ಲಿ ಜ್ವರವಿದೆ ಎಂದು ಹೇಳಿ ಮದುವೆಗೆ ಬಾರದವರು, ಕೆಮ್ಮು ಮುಚ್ಚಿಟ್ಟು ಬಂದವರು, ಇಬ್ಬರನ್ನೂ ನಾವು ಆ ವರ್ಷ ನೋಡಿದ್ದೇವೆ. ಹೇಳಿದ ಮೇಲೆ ಅಪಾಯ ಹೋಗುವುದಿಲ್ಲ, ಆದರೆ ಅದು ಇಬ್ಬರದ್ದಾಗುತ್ತದೆ. ಎದುರಿನವನಿಗೆ ಒಲ್ಲೆ ಎನ್ನುವ ದಾರಿ ಇರುತ್ತದೆ.

ವಿಮರ್ಶೆ ಮಾಡಬಹುದಾದ ಕೆಲಸವೂ ಇಲ್ಲೇ ಇದೆ. ಐದೂವರೆ ದಶಕಗಳ ಕಾಲ ನಾವು ಮೇಳಿಗೆಯ ಜಾತ್ರೆಯನ್ನು ಆಚಾರ್ಯರ ಕಣ್ಣಿನಿಂದ ನೋಡಿದ್ದೇವೆ, ಏಕೆಂದರೆ ಕಾದಂಬರಿ ನಮ್ಮನ್ನು ಅಲ್ಲಿ ಕೂರಿಸುತ್ತದೆ. ಆ ಅಧ್ಯಾಯವನ್ನು ತರಗತಿಯಲ್ಲಿ ಮತ್ತೊಮ್ಮೆ ತೆರೆಯುವಾಗ ಪಂಕ್ತಿಯ ಪಕ್ಕದ ಎಲೆಯಿಂದ, ಪುಟ್ಟನ ಕಡೆಯಿಂದ ಓದಿ ನೋಡೋಣ. ಅವನಿಗೂ ಮನೆಯಿರಬಹುದು, ಜಾತ್ರೆ ಮುಗಿದ ಮೇಲೆ ಅವನೂ ಅಲ್ಲಿಗೆ ಮರಳಬೇಕು.