ವೀಕ್ ರೆಫರೆನ್ಸಿನ ಪ್ರಾಮಾಣಿಕತೆ

2011ರಲ್ಲಿ ಆಪಲ್ ಆಬ್ಜೆಕ್ಟಿವ್-ಸಿ ಭಾಷೆಗೆ ಎಆರ್‌ಸಿ, ಅಂದರೆ ಆಟೊಮ್ಯಾಟಿಕ್ ರೆಫರೆನ್ಸ್ ಕೌಂಟಿಂಗ್ ತಂದಾಗ, ರಿಟೇನ್–ರಿಲೀಸ್‌ಗಳನ್ನು ಕೈಯಾರೆ ಬರೆಯುವ ಕಾಟ ತಪ್ಪಿತೆಂದು ಡೆವಲಪರ್‌ಗಳು ಹಿಗ್ಗಿದರು. ಅದಕ್ಕಿಂತ ದೊಡ್ಡ ಕೊಡುಗೆ ಜೊತೆಯಲ್ಲೇ ಬಂದ ವೀಕ್ ರೆಫರೆನ್ಸ್ ಎಂಬುದು ನನ್ನ ಅಭಿಪ್ರಾಯ.

ಒಂದು ಆಬ್ಜೆಕ್ಟನ್ನು ಎಷ್ಟು ಸ್ಟ್ರಾಂಗ್ ರೆಫರೆನ್ಸುಗಳು ಹಿಡಿದಿವೆ ಎಂಬ ಲೆಕ್ಕ ಸೊನ್ನೆಗೆ ಇಳಿದರೆ ಅದರ ಮೆಮೊರಿ ತೆರವಾಗುತ್ತದೆ. ಆದರೆ ವ್ಯೂ ಕಂಟ್ರೋಲರ್ ಟೇಬಲ್ ವ್ಯೂವನ್ನು ಹಿಡಿದು, ಟೇಬಲ್ ವ್ಯೂ ಡೆಲಿಗೇಟ್ ಎಂದು ಅದೇ ಕಂಟ್ರೋಲರನ್ನು ಹಿಡಿದರೆ ಲೆಕ್ಕ ಸೊನ್ನೆ ಮುಟ್ಟುವುದೇ ಇಲ್ಲ. ಹಾಗಾಗಿ ಒಂದು ಹಿಡಿತ ಲೆಕ್ಕದಿಂದ ಹೊರಗಿರಬೇಕು. ಹಿಂದೆ ಇದಕ್ಕೆ ಬಳಸುತ್ತಿದ್ದದ್ದು ಬರೀ ಪಾಯಿಂಟರ್.

ಅದರ ಅಪಾಯ ನೋಡಿ. ಕಂಟ್ರೋಲರ್ ಹೋದ ಮೇಲೂ ಪಾಯಿಂಟರಿನಲ್ಲಿ ಹಳೆಯ ವಿಳಾಸವೇ ಇರುತ್ತದೆ. ಅಷ್ಟರಲ್ಲಿ ಆ ಜಾಗಕ್ಕೆ ಯಾವುದೋ ಸ್ಟ್ರಿಂಗ್ ಬಂದಿದ್ದರೆ, ಸ್ಕ್ರೋಲ್ ಆಯಿತೆಂಬ ಮೆಸೇಜ್ ಆ ಸ್ಟ್ರಿಂಗಿಗೆ ತಲುಪುತ್ತದೆ. ಅದಕ್ಕೆ ಅಂಥ ಮೆಥಡ್ಡೇ ಇಲ್ಲ. ಆ್ಯಪ್ ಕ್ರ್ಯಾಶ್ ಆಗುತ್ತದೆ. ರಿಪೋರ್ಟಿನಲ್ಲಿ ಮಾತ್ರ ಏನೂ ತಪ್ಪು ಮಾಡದ ಸ್ಟ್ರಿಂಗಿನ ಹೆಸರು! ಜಾಗ ಇನ್ನೂ ಬೇರೆಯವರ ಪಾಲಾಗಿರದಿದ್ದರೆ ಎಲ್ಲವೂ ಸರಿಯಿದ್ದಂತೆ ನಡೆದುಬಿಡಬಹುದು. ಟೆಸ್ಟಿಂಗ್‌ನಲ್ಲಿ ಪಾಸಾಗಿ ಬಳಕೆದಾರರ ಕೈಯಲ್ಲಿ ಬೀಳುವ ಬಗ್ ಇದೇ.

ವೀಕ್ ಕೂಡ ಲೆಕ್ಕದ ಹೊರಗಿನ ಹಿಡಿತವೇ, ಆದರೆ ಹೀಗೆ ಸುಳ್ಳು ಹೇಳುವುದಿಲ್ಲ. ಯಾವ ವೀಕ್ ವೇರಿಯಬಲ್ ಯಾವ ಆಬ್ಜೆಕ್ಟನ್ನು ತೋರಿಸುತ್ತಿದೆ ಎಂದು ಆಬ್ಜೆಕ್ಟಿವ್-ಸಿ ರನ್‌ಟೈಮ್ ಟೇಬಲ್ಲಿನಲ್ಲಿ ದಾಖಲಿಸಿಟ್ಟು, ಆಬ್ಜೆಕ್ಟ್ ಹೋಗುವಾಗ ಅವನ್ನೆಲ್ಲ ನಿಲ್ (ಅಂದರೆ ಏನನ್ನೂ ತೋರಿಸದಂತೆ) ಮಾಡುತ್ತದೆ. ಓದುವಾಗಲೂ ಆಬ್ಜೆಕ್ಟನ್ನು ಕೆಲಹೊತ್ತು ಸ್ಟ್ರಾಂಗ್ ಆಗಿ ಹಿಡಿದೇ ಕೊಡುವುದರಿಂದ, ಬಳಸುತ್ತಿರುವಾಗ ಇನ್ನೊಂದು ಥ್ರೆಡ್ ಅದನ್ನು ಕಸಿಯಲಾರದು. ಇದಕ್ಕೆಲ್ಲ ಸಮಯ ತಗಲುತ್ತದೆ, ನಿಜ. ಡೆಲಿಗೇಟ್ ಕರೆಗಳಲ್ಲಿ ಅದು ಗಮನಕ್ಕೇ ಬರುವುದಿಲ್ಲ. 2015ರ ಐಓಎಸ್ 9ರಲ್ಲಿ ಆಪಲ್ ನೋಟಿಫಿಕೇಶನ್ ಸೆಂಟರಿನ ಅಬ್ಸರ್ವರ್‌ಗಳನ್ನೂ ಇದೇ ದಾರಿಗೆ ತಂದಿತು.

ವೀಕ್‌ಗೂ ಒಂದು ದೋಷವಿದೆ. ಆಬ್ಜೆಕ್ಟಿವ್-ಸಿಯಲ್ಲಿ ನಿಲ್‌ಗೆ ಕಳಿಸಿದ ಮೆಸೇಜ್ ಸದ್ದಿಲ್ಲದೆ ಮಾಯವಾಗುತ್ತದೆ. ಡೇಟಾ ಸೇವ್ ಮಾಡಬೇಕಿದ್ದ ಡೆಲಿಗೇಟ್ ಇಲ್ಲವಾದರೂ ಯಾರಿಗೂ ತಿಳಿಯದು. ಪ್ರತಿ ಕ್ಲೋಶರಿಗೂ ಯೋಚಿಸದೆ 'ವೀಕ್ ಸೆಲ್ಫ್' ಅಂಟಿಸುವ ರೂಢಿ ಈ ದೋಷವನ್ನು ಬೆಳೆಸುತ್ತದೆ. ಸ್ವಿಫ್ಟ್ ಭಾಷೆಯಲ್ಲಿ ಲೆಕ್ಕಕ್ಕೆ ಸೇರದ ಇನ್ನೊಂದು ಬಗೆಯ ರೆಫರೆನ್ಸಾದ ಅನ್‌ಓನ್ಡ್ ಇಲ್ಲಿ ಮೆಚ್ಚತಕ್ಕದ್ದು: ಹೋದ ಆಬ್ಜೆಕ್ಟನ್ನು ಮುಟ್ಟಿದ ಕ್ಷಣವೇ ಪ್ರೋಗ್ರಾಂ ನಿಲ್ಲುತ್ತದೆ, ತಪ್ಪು ತಪ್ಪಾದ ಜಾಗದಲ್ಲೇ ಸಿಕ್ಕಿಬೀಳುತ್ತದೆ.

ಆಬ್ಜೆಕ್ಟ್ ಮೊದಲೇ ಹೋಗುವ ಸಾಧ್ಯತೆ ಇದ್ದರೆ ವೀಕ್ ಬಳಸಿ; ಹೋಗಲಾರದೆಂದು ವಿನ್ಯಾಸವೇ ಖಾತ್ರಿಪಡಿಸಿದರೆ ಅನ್‌ಓನ್ಡ್. ಬರೀ ಪಾಯಿಂಟರಿಗೆ ಕೈಹಾಕುವ ಮುನ್ನ ಪ್ರೊಫೈಲರ್‌ನಲ್ಲಿ ಅಳೆದು ನೋಡಿ. ವೇಗದ ಊಹೆಯೊಂದನ್ನೇ ನಂಬಿ ಅದನ್ನು ಬಳಸುವುದು ಸಲ್ಲದು.