ಬ್ರೌಸರ್‌ನ ವಿಸ್ತರಣೆಗಳು: ಉಪಯೋಗವೆಷ್ಟು, ನಂಬಿಕೆಯೆಷ್ಟು?

ಕೆಲವು ವರ್ಷಗಳ ಹಿಂದಿನ ಮಾತು. ಪದವಿ ತರಗತಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕೂಲಂಬನ ನಿಯಮವನ್ನು ವಿವರಿಸುತ್ತಿದ್ದೆ. ಪ್ರೊಜೆಕ್ಟರಿನಲ್ಲಿ ತೋರಿಸಲೆಂದು ಇಂಗ್ಲಿಷಿನ ಜಾಲಪುಟವೊಂದನ್ನು ತೆರೆದೆ. ಒಂದೆರಡು ಸೆಕೆಂಡುಗಳಲ್ಲಿ ಪುಟ ನಮ್ಮ ಕಣ್ಣೆದುರೇ ಕನ್ನಡಕ್ಕೆ ತಿರುಗಿತು. ಹಿಂದಿನ ದಿನ ಯಾರೋ ಆ ಗಣಕದ ಬ್ರೌಸರ್‌ಗೆ ಅನುವಾದ ಮಾಡುವ ವಿಸ್ತರಣೆಯೊಂದನ್ನು ಸೇರಿಸಿದ್ದರು. ಕನ್ನಡವಾದದ್ದಕ್ಕೆ ಸಂತೋಷಪಡಬೇಕಷ್ಟೆ. ಆದರೆ ‘ಚಾರ್ಜ್’ ಎಂಬುದು ‘ವಿದ್ಯುದಾವೇಶ’ವಾಗುವ ಬದಲು ‘ಶುಲ್ಕ’ವಾಗಿತ್ತು, ‘ಫೀಲ್ಡ್’ ಎಂಬುದು ‘ಕ್ಷೇತ್ರ’ವಾಗುವ ಬದಲು ‘ಹೊಲ’ವಾಗಿತ್ತು. ಎರಡು ಬಿಂದು ಶುಲ್ಕಗಳ ನಡುವಿನ ಬಲವು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ ಎಂದು ಪುಟ ಹೇಳುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ್, ಒಂದು ಶುಲ್ಕ ದುಪ್ಪಟ್ಟಾದರೆ ಬಲವೂ ದುಪ್ಪಟ್ಟೇ?” ಎಂದು ಕೇಳಿದ. ಹೌದೆಂದೇ ಉತ್ತರಿಸಬೇಕಾಯಿತು!

ನಕ್ಕು ಪಾಠ ಮುಂದುವರಿಸಿದೆವು. ಆದರೆ ಸಂಜೆ ಯೋಚಿಸುವಾಗ ಬೇರೊಂದು ಸಂಗತಿ ಹೊಳೆಯಿತು. ಆ ಪುಟವನ್ನು ಬರೆದವರು ಎಲ್ಲೋ ಇದ್ದಾರೆ, ಓದುವವರು ನಾವಿಲ್ಲಿದ್ದೇವೆ. ಇಬ್ಬರ ನಡುವೆ ಕುಳಿತ ಮೂರನೆಯವನೊಬ್ಬ, ನಾವು ಕೇಳದೆಯೇ, ಪುಟದ ಪ್ರತಿಯೊಂದು ಪದವನ್ನೂ ಓದಿದ, ಬದಲಿಸಿದ. ಈ ಸಲ ಬದಲಾದದ್ದು ಕಣ್ಣಿಗೆ ಕಾಣಿಸಿತು. ಕಾಣದಂತೆ ಬದಲಿಸಲು ಅಥವಾ ಸುಮ್ಮನೆ ಓದಿಕೊಂಡು ಹೋಗಲು ಅವನಿಗೆ ಅಡ್ಡಿಯೇನಿತ್ತು?

ಬ್ರೌಸರ್‌ನಿಂದ ಹೆಚ್ಚು ಕೆಲಸ ತೆಗೆಯುವುದು ಹೇಗೆ ಎಂದು ಹೇಳುವ ಲೇಖನಗಳನ್ನು ನೀವು ಬಹಳಷ್ಟು ಓದಿರಬಹುದು. ಹತ್ತು ಉತ್ತಮ ವಿಸ್ತರಣೆಗಳು, ಇಪ್ಪತ್ತು ಉಚಿತ ಆಪ್‌ಗಳು ಎಂದು ಅವು ಪಟ್ಟಿ ಕೊಡುತ್ತವೆ. ಪ್ರತಿಯೊಂದು ಏನು ಮಾಡುತ್ತದೆ ಎಂಬುದನ್ನು ಹೇಳುತ್ತವೆ. ಅದಕ್ಕಾಗಿ ನಮ್ಮಿಂದ ಏನನ್ನು ಪಡೆಯುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ವಿಮರ್ಶೆ ಆರಂಭವಾಗಬೇಕಾದದ್ದು ಈ ಎರಡನೆಯ ಪ್ರಶ್ನೆಯಿಂದ ಎಂಬುದು ನನ್ನ ಅಭಿಪ್ರಾಯ.

ಮೊದಲು ಇದರ ಒಳರಚನೆಯನ್ನು ಸ್ವಲ್ಪ ತಿಳಿಯೋಣ. ವಿಸ್ತರಣೆ ಎಂಬುದು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಪುಟ್ಟ ತಂತ್ರಾಂಶ. ಅದರ ಜೊತೆಯಲ್ಲಿ ‘ಮ್ಯಾನಿಫೆಸ್ಟ್’ ಎಂಬ ಕಡತವಿರುತ್ತದೆ. ಯಾವ ಯಾವ ಅನುಮತಿಗಳು ಬೇಕು ಎಂಬುದನ್ನು ವಿಸ್ತರಣೆ ಅದರಲ್ಲಿ ಸಾರಬೇಕು. ನಾವು ಅಳವಡಿಸುವಾಗ ಬ್ರೌಸರ್ ಆ ಪಟ್ಟಿಯನ್ನು ಓದಿ ನಮ್ಮ ಒಪ್ಪಿಗೆ ಕೇಳುತ್ತದೆ. ‘ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಎಲ್ಲ ಮಾಹಿತಿಯನ್ನು ಓದುವುದು ಮತ್ತು ಬದಲಿಸುವುದು’ ಎಂಬ ಸಾಲು ಅಲ್ಲಿ ಕಾಣಿಸಿದರೆ ಅದರ ಅರ್ಥ ಅಕ್ಷರಶಃ ಅದೇ. ನೀವು ಪುಟ ತೆರೆದಾಗ ವಿಸ್ತರಣೆಯ ಒಂದು ತುಣುಕು ಆ ಪುಟದೊಳಕ್ಕೆ ಸೇರಿಕೊಳ್ಳುತ್ತದೆ. ಪುಟದಲ್ಲಿರುವ ಬರಹ, ನೀವು ತುಂಬುವ ಅರ್ಜಿ, ಟೈಪ್ ಮಾಡುವ ಗುಪ್ತಪದ ಎಲ್ಲವೂ ಅದರ ಕೈಗೆಟಕುತ್ತವೆ.

ವಿಳಾಸದ ಜೊತೆ ಬೀಗದ ಗುರುತಿದೆಯಲ್ಲ, ಮಾಹಿತಿ ಸುರಕ್ಷಿತವಲ್ಲವೇ ಎಂದು ನೀವು ಕೇಳಬಹುದು. ಆ ಗೂಢಲಿಪಿ ಕಾಯುವುದು ದೂರದ ಸರ್ವರ್‌ನಿಂದ ನಿಮ್ಮ ಬ್ರೌಸರ್‌ವರೆಗಿನ ದಾರಿಯನ್ನು ಮಾತ್ರ. ಬ್ರೌಸರ್ ತಲಪಿದ ಮೇಲೆ ಅದು ಬಿಚ್ಚಿದ ಪತ್ರ. ವಿಸ್ತರಣೆ ಇರುವುದು ಅಲ್ಲಿ, ಬೀಗದ ಒಳಗಡೆ.

ಪ್ರಯೋಗಶಾಲೆಯ ಅನುಭವ ಇರುವವರಿಗೆ ಇದನ್ನು ಹೀಗೆ ಹೇಳಬಹುದು. ವಿಸ್ತರಣೆ ಮಂಡಲಕ್ಕೆ ಪಕ್ಕದಿಂದ ಜೋಡಿಸುವ ವೋಲ್ಟ್‌ಮೀಟರ್ ಅಲ್ಲ. ಸರಣಿಯಲ್ಲಿ ಸೇರಿಸುವ ಅಮ್ಮೀಟರ್. ಇಡೀ ಪ್ರವಾಹ ಅದರ ಮೂಲಕವೇ ಹರಿಯಬೇಕು. ಒಳ್ಳೆಯ ಅಮ್ಮೀಟರ್‌ನ ರೋಧ ನಗಣ್ಯವಾಗಿರುತ್ತದೆ, ಅದು ಇದೆಯೆಂದೇ ಮಂಡಲಕ್ಕೆ ತಿಳಿಯುವುದಿಲ್ಲ. ಕೆಟ್ಟದಾದರೆ ಮಂಡಲದ ನಡತೆಯೇ ಬದಲಾಗುತ್ತದೆ. ಹತ್ತು ಅಮ್ಮೀಟರ್‌ಗಳನ್ನು ಸಾಲಾಗಿ ಪೋಣಿಸಿ ಪ್ರಯೋಗ ಮಾಡುವ ವಿದ್ಯಾರ್ಥಿಯನ್ನು ನಾವು ತಡೆಯುತ್ತೇವೆ. ನಮ್ಮದೇ ಬ್ರೌಸರ್‌ನಲ್ಲಿ ಮಾತ್ರ ಅದೇ ತಪ್ಪನ್ನು ಮಾಡುತ್ತೇವೆ.

ಇದು ಬರಿಯ ಊಹೆಯ ಭಯವಲ್ಲ. ‘ಸ್ಟೈಲಿಶ್’ ಎಂಬ ವಿಸ್ತರಣೆ ಜಾಲಪುಟಗಳ ಬಣ್ಣ, ವಿನ್ಯಾಸಗಳನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಲು ನೆರವಾಗುತ್ತಿತ್ತು, ಬಹಳ ಜನಪ್ರಿಯವಾಗಿತ್ತು. 2017ರಲ್ಲಿ ಜಾಲತಾಣಗಳ ಸಂದರ್ಶಕರ ಲೆಕ್ಕವಿಡುವ ಕಂಪನಿಯೊಂದು ಅದನ್ನು ಕೊಂಡಿತು. ಬಳಸುವವರು ಭೇಟಿ ಕೊಟ್ಟ ಪುಟಗಳ ವಿಳಾಸಗಳನ್ನೆಲ್ಲ ಅದು ಹೊರಗೆ ಕಳಿಸುತ್ತಿದೆ ಎಂಬುದು 2018ರ ಜುಲೈನಲ್ಲಿ ಬಯಲಾಯಿತು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳೆರಡೂ ಅದನ್ನು ತಮ್ಮ ಮಳಿಗೆಗಳಿಂದ ತೆಗೆದುಹಾಕಿದವು. ಕೆಲಕಾಲದ ನಂತರ ಅದು ಮರಳಿ ಬಂದಿತು.

‘ದಿ ಗ್ರೇಟ್ ಸಸ್ಪೆಂಡರ್’ನ ಕಥೆ ಇನ್ನೂ ಪಾಠ ಕಲಿಸುವಂಥದು. ತೆರೆದಿಟ್ಟು ಮರೆತ ಟ್ಯಾಬ್‌ಗಳನ್ನು ನಿದ್ರೆಗೆ ಕಳಿಸಿ ಗಣಕದ ಸ್ಮೃತಿಯನ್ನು ಉಳಿಸುವುದು ಅದರ ಕೆಲಸ. ಮುಕ್ತ ಆಕರದ ತಂತ್ರಾಂಶ. ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದಾಗಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಳಸುತ್ತಿದ್ದರು. 2020ರಲ್ಲಿ ಅದನ್ನು ರಚಿಸಿದವರು ಹೆಸರು ಹೇಳದ ಯಾರಿಗೋ ಮಾರಿದರು. ಹೊಸ ಒಡೆಯರ ಕೈಯಲ್ಲಿ ಅದು ದೂರದಿಂದ ಬೇರೆ ಸಂಕೇತವನ್ನು ತರಿಸಿ ನಡೆಸತೊಡಗಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಎಲ್ಲರ ಗಣಕಗಳಲ್ಲೂ ನಿಷ್ಕ್ರಿಯಗೊಳಿಸಿತು. ಇಲ್ಲಿ ಬಳಕೆದಾರ ಮಾಡಿದ ತಪ್ಪೇನು? ಅವನು ಆರಿಸಿದಾಗ ಅದು ಒಳ್ಳೆಯದೇ ಆಗಿತ್ತು. ವಿಸ್ತರಣೆಗಳು ತಮ್ಮಷ್ಟಕ್ಕೆ ತಾವೇ ನವೀಕರಣಗೊಳ್ಳುತ್ತವೆ. ಮಾರಾಟವಾದದ್ದು ನಂಬಿಕೆ, ಅದನ್ನು ಕೊಟ್ಟವನಿಗೆ ಸುದ್ದಿಯೂ ತಿಳಿಯಲಿಲ್ಲ.

ಮಾರದಿದ್ದರೂ ಅಪಾಯ ತಪ್ಪಿದ್ದಲ್ಲ. 2024ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ರಜೆಯ ಹೊತ್ತಿನಲ್ಲಿ, ಮಾಹಿತಿ ಸುರಕ್ಷತೆಯನ್ನೇ ವ್ಯವಹಾರವಾಗಿಸಿಕೊಂಡ ಸೈಬರ್‌ಹೇವನ್ ಎಂಬ ಕಂಪನಿಯ ಸಿಬ್ಬಂದಿಯೊಬ್ಬರು ಮೋಸದ ಮಿಂಚಂಚೆಗೆ ಬಲಿಯಾದರು. ಕಳ್ಳರು ಆ ಕಂಪನಿಯ ವಿಸ್ತರಣೆಯ ಕೆಟ್ಟ ಆವೃತ್ತಿಯನ್ನು ಮಳಿಗೆಯ ಮೂಲಕವೇ ಬಳಕೆದಾರರಿಗೆ ಹಂಚಿದರು. ಬೇಲಿ ಕಾಯುವವರ ಮನೆಗೇ ಕನ್ನ!

ಹಾಗಾದರೆ ಎಲ್ಲವನ್ನೂ ಕಿತ್ತೆಸೆಯಬೇಕೆ? ಇಲ್ಲ. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಿಜವಾಗಿ ಬೇಕಾದ ಕೆಲವಿವೆ.

ನಾನು ಮೊದಲು ಹೆಸರಿಸುವುದು ಝೊಟೆರೊ. ಸಂಶೋಧನ ಪ್ರಬಂಧದ ಪುಟ ತೆರೆದಾಗ ಲೇಖಕರು, ಪತ್ರಿಕೆ, ಸಂಪುಟ, ವರ್ಷ ಎಲ್ಲವನ್ನೂ ಒಂದೇ ಗುಂಡಿಯಿಂದ ಸಂಗ್ರಹಿಸಿ, ಪ್ರಬಂಧ ಬರೆಯುವಾಗ ಗ್ರಂಥಋಣದ ಪಟ್ಟಿಯನ್ನು ಜೋಡಿಸಿಕೊಡುತ್ತದೆ. ನನ್ನ ಡಾಕ್ಟರೇಟ್ ಕಾಲದಲ್ಲಿ ಈ ಕೆಲಸಕ್ಕೆ ರಟ್ಟಿನ ಚೀಟಿಗಳೂ ಒಂದು ಬೂಟಿನ ಪೆಟ್ಟಿಗೆಯೂ ಇದ್ದವು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಝೊಟೆರೊ 2006ರಲ್ಲಿ ಹೊರಬಂದಾಗ ಅದು ಪೂರ್ತಿಯಾಗಿ ಫೈರ್‌ಫಾಕ್ಸ್‌ನೊಳಗೇ ನಡೆಯುವ ವಿಸ್ತರಣೆಯಾಗಿತ್ತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57ನೇ ಆವೃತ್ತಿ ಹಳೆಯ ಬಗೆಯ ವಿಸ್ತರಣೆಗಳನ್ನೆಲ್ಲ ಒಮ್ಮೆಲೇ ಕೈಬಿಟ್ಟಿತು. ಹಲವು ಒಳ್ಳೆಯ ವಿಸ್ತರಣೆಗಳು ಅಂದೇ ಅಳಿದವು. ಝೊಟೆರೊ ಉಳಿದದ್ದು ತನ್ನ ಮುಖ್ಯ ಭಾಗವನ್ನು ಅದೇ ವರ್ಷ ಬೇರೆಯೇ ತಂತ್ರಾಂಶವಾಗಿಸಿ, ಬ್ರೌಸರ್‌ನಲ್ಲಿ ಒಂದು ಕೊಂಡಿಯನ್ನು ಮಾತ್ರ ಇಟ್ಟುಕೊಂಡದ್ದರಿಂದ. ನಿಮ್ಮ ಸಂಗ್ರಹ ನಿಮ್ಮ ಗಣಕದಲ್ಲೇ ಇರುತ್ತದೆ; ಬ್ರೌಸರ್ ಬದಲಾದರೂ ಅದು ಹೋಗುವುದಿಲ್ಲ. ಇದನ್ನು ನಾನು ಒಳ್ಳೆಯ ವಿನ್ಯಾಸದ ಲಕ್ಷಣವೆಂದು ಎಣಿಸುತ್ತೇನೆ.

ಭೌತಶಾಸ್ತ್ರದ ಅಧ್ಯಾಪಕರಿಗೆ ಈ ಅಳಿವು ಹೊಸದೇನಲ್ಲ. ಓರೆತಳ, ಸರಳ ಲೋಲಕ, ಎರಡು ಸೀಳುಗಳ ಪ್ರಯೋಗ ಇವೆಲ್ಲವನ್ನೂ ತೋರಿಸಲು ನಾವು ಜಾವಾ ಆಪ್ಲೆಟ್‌ಗಳನ್ನೂ ಫ್ಲ್ಯಾಶ್ ಚಿತ್ರಿಕೆಗಳನ್ನೂ ವರ್ಷಗಟ್ಟಲೆ ಕೂಡಿಟ್ಟಿದ್ದೆವು. ಅವು ನಡೆಯಲು ಬ್ರೌಸರ್‌ಗೆ ‘ಪ್ಲಗಿನ್’ ಬೇಕಿತ್ತು. ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಜಾವಾ ಪ್ಲಗಿನ್‌ಗೆ ಬಾಗಿಲು ಮುಚ್ಚಿದವು. ಫ್ಲ್ಯಾಶ್‌ನ ಆಯುಷ್ಯ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಸುರಕ್ಷತೆಯ ದೃಷ್ಟಿಯಿಂದ ಈ ನಿರ್ಧಾರಗಳು ಸರಿಯೇ. ಆದರೆ ಸಿಡಿಯಲ್ಲಿ ಜೋಪಾನವಾಗಿಟ್ಟಿದ್ದ ಪಾಠಗಳು ಬೂದುಬಣ್ಣದ ಚೌಕಗಳಾದವು. ಕಾರ್ಲ್ ವೀಮನ್ ಅವರು 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆ ತನ್ನ ಅನೇಕ ಚಿತ್ರಿಕೆಗಳನ್ನು ಎಚ್‌ಟಿಎಂಎಲ್5ರಲ್ಲಿ ಹೊಸದಾಗಿ ಬರೆಯಿತು. ಅವುಗಳಿಗೆ ಪ್ಲಗಿನ್ ಬೇಡ, ವಿಸ್ತರಣೆ ಬೇಡ. ಹಲವು ಕನ್ನಡದಲ್ಲೂ ಸಿಗುತ್ತವೆ. ಇನ್ನೂ ಮರುಜನ್ಮ ಪಡೆಯದ ಹಳೆಯ ಫ್ಲ್ಯಾಶ್ ಕಡತಗಳು ನಿಮ್ಮಲ್ಲಿದ್ದರೆ ‘ರಫಲ್’ ಎಂಬ ವಿಸ್ತರಣೆಯನ್ನು ಪ್ರಯತ್ನಿಸಿ ನೋಡಿ. ಅದು ಫ್ಲ್ಯಾಶ್ ಅನ್ನು ಅನುಕರಿಸುತ್ತದೆ. ಹಳೆಯ ಸರಳ ಕಡತಗಳನ್ನು ಚೆನ್ನಾಗಿ ನಡೆಸುತ್ತದೆ. ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಬರೆದ ಸಂಕೀರ್ಣ ಕಡತಗಳಲ್ಲಿ ಕೆಲವೊಮ್ಮೆ ಎಡವುತ್ತದೆ.

ಕ್ರೋಮ್‌ನ ಆಪ್‌ಗಳ ಪಾಡೂ ಇದೇ. ಬ್ರೌಸರ್‌ನೊಳಗೇ ಸಂಪೂರ್ಣ ಅನ್ವಯಗಳು ನಡೆಯುತ್ತವೆ ಎಂದು ಬಹಳ ಪ್ರಚಾರ ಮಾಡಿದ ಗೂಗಲ್, 2016ರಲ್ಲಿ ಸಾಮಾನ್ಯ ಗಣಕಗಳಿಂದ ಅವನ್ನು ಹಿಂತೆಗೆಯುವುದಾಗಿ ಘೋಷಿಸಿತು. 2017ರ ಕೊನೆಗೆ ಮಳಿಗೆಯ ಆ ವಿಭಾಗವೇ ಇರಲಿಲ್ಲ.

ಕೊಂಡಿ ಸತ್ತುಹೋದ ಪುಟಗಳ ಹಳೆಯ ಪ್ರತಿಯನ್ನು ಹುಡುಕಿಕೊಡುವ, ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್ ವಿಸ್ತರಣೆ ಉಪಯುಕ್ತ. ಆದರೆ ಆ ತಾಣಕ್ಕೇ ಹೋಗಿ ವಿಳಾಸವನ್ನು ಅಂಟಿಸಿದರೂ ಅದೇ ಕೆಲಸವಾಗುತ್ತದೆ. ಪುಟದ ಚಿತ್ರ ತೆಗೆಯುವ, ಪಿಡಿಎಫ್ ಓದುವ, ಗಲಾಟೆಯ ಪುಟವನ್ನು ಶುದ್ಧ ಬರಹವಾಗಿ ತೋರಿಸುವ ವಿಸ್ತರಣೆಗಳನ್ನು ಜನ ಇನ್ನೂ ಹುಡುಕುತ್ತಾರೆ. ಫೈರ್‌ಫಾಕ್ಸ್‌ನಲ್ಲಿ ಈ ಮೂರೂ ಮೊದಲೇ ಇವೆ. ಇರುವುದನ್ನು ನೋಡದೆ ಹೊರಗಿನಿಂದ ತರುವುದು ನಮ್ಮ ಸಾಮಾನ್ಯ ದೋಷ.

ಜಾಹೀರಾತು ತಡೆಯುವ ವಿಸ್ತರಣೆಗಳ ವಿಚಾರ ಸ್ವಲ್ಪ ಜಟಿಲ. ರೇಮಂಡ್ ಹಿಲ್ ರಚಿಸಿದ ‘ಯುಬ್ಲಾಕ್ ಒರಿಜಿನ್’ ನನ್ನ ಮಟ್ಟಿಗೆ ಇವುಗಳಲ್ಲಿ ಶ್ರೇಷ್ಠ. ಜಾಹೀರಾತಿನ ಜೊತೆಗೆ, ನಮ್ಮನ್ನು ಹಿಂಬಾಲಿಸುವ ಸಂಕೇತಗಳನ್ನೂ ತಡೆಯುತ್ತದೆ. ನಿಧಾನವಾದ ಸಂಪರ್ಕದಲ್ಲಿ ಪುಟಗಳು ಬೇಗ ತೆರೆಯುತ್ತವೆ. ಹೀಗೆ ಮಾಡಲು ಅದಕ್ಕೆ ಎಲ್ಲ ಪುಟಗಳ ಮೇಲೂ ಅಧಿಕಾರ ಬೇಕೇಬೇಕು. ಗೂಗಲ್ ತನ್ನ ‘ಮ್ಯಾನಿಫೆಸ್ಟ್ ವಿ3’ ನಿಯಮಗಳಲ್ಲಿ ಈ ಅಧಿಕಾರವನ್ನು ಮೊಟಕುಗೊಳಿಸಿತು. ವಿಸ್ತರಣೆಯು ಪ್ರತಿಯೊಂದು ಕೋರಿಕೆಯನ್ನೂ ತಾನೇ ಪರೀಕ್ಷಿಸಿ ತಡೆಯುವಂತಿಲ್ಲ. ನಿಯಮಗಳ ಪಟ್ಟಿಯನ್ನು ಬ್ರೌಸರ್‌ಗೆ ಮೊದಲೇ ಒಪ್ಪಿಸಬೇಕು, ತಡೆಯುವ ಕೆಲಸ ಬ್ರೌಸರ್‌ನದು. 2024–25ರಲ್ಲಿ ಹಳೆಯ ಬಗೆಯ ವಿಸ್ತರಣೆಗಳನ್ನು ಕ್ರೋಮ್ ಹಂತಹಂತವಾಗಿ ನಿಲ್ಲಿಸಿದಾಗ ಯುಬ್ಲಾಕ್ ಒರಿಜಿನ್ ಕೂಡ ನಿಂತಿತು. ಅಲ್ಲಿ ಈಗ ಸಿಗುವುದು ಶಕ್ತಿ ಕಡಿಮೆಯಾದ ‘ಲೈಟ್’ ಆವೃತ್ತಿ. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ಆವೃತ್ತಿ ಉಳಿಯಿತು.

ಇಲ್ಲಿ ನಾನು ಎರಡು ಮಾತು ಹೇಳಬೇಕು. ವಿಸ್ತರಣೆಗಳಿಗೆ ಅಧಿಕಾರ ಕಡಿಮೆಯಿರಬೇಕು ಎಂಬ ತತ್ತ್ವ, ಮೇಲಿನ ಕಥೆಗಳನ್ನು ನೋಡಿದರೆ, ನ್ಯಾಯವಾದದ್ದೇ. ಆದರೆ ಜಾಹೀರಾತಿನಿಂದಲೇ ಬದುಕುವ ಸಂಸ್ಥೆ ಜಾಹೀರಾತು ತಡೆಗೆ ಮಿತಿ ಹಾಕಿದಾಗ ಅದರ ಉದ್ದೇಶವನ್ನು ಪ್ರಶ್ನಿಸುವುದೂ ನ್ಯಾಯವೇ. ಪುಟದ ಬರಹವನ್ನು ಓದಿ ಬದಲಿಸುವ ಅನುಮತಿ ಹೊಸ ನಿಯಮಗಳಲ್ಲೂ ಉಳಿದಿದೆ ಎಂಬುದನ್ನು ಗಮನಿಸಿ. ನಮ್ಮ ಶುಲ್ಕದ ಅನುವಾದಕ ಇಂದೂ ಅದೇ ಕೆಲಸವನ್ನು ಮಾಡಬಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಕ್ರೋಮ್‌ನಲ್ಲಿ ವಿಸ್ತರಣೆಯ ವಿವರಗಳನ್ನು ತೆರೆದರೆ ಅದಕ್ಕೆ ಎಲ್ಲ ತಾಣಗಳಲ್ಲೂ ಪ್ರವೇಶವೇ, ಕೆಲವು ತಾಣಗಳಲ್ಲಿ ಮಾತ್ರವೇ, ಅಥವಾ ನೀವು ಗುಂಡಿ ಒತ್ತಿದಾಗ ಮಾತ್ರವೇ ಎಂದು ನಿರ್ಧರಿಸುವ ಅವಕಾಶ 2018ರಿಂದ ಇದೆ. ಅನುವಾದಕ್ಕೆ, ನಿಘಂಟಿಗೆ ಮೂರನೆಯದೇ ಸಾಕು. ಬ್ಯಾಂಕಿನ ವ್ಯವಹಾರಕ್ಕೂ ಅಂಕಪಟ್ಟಿಯ ಕೆಲಸಕ್ಕೂ ಬ್ರೌಸರ್‌ನಲ್ಲಿ ಬೇರೆಯೇ ಪ್ರೊಫೈಲ್ ಮಾಡಿಕೊಳ್ಳಿ; ಅದರಲ್ಲಿ ಒಂದು ವಿಸ್ತರಣೆಯೂ ಬೇಡ. ಎರಡು ನಿಮಿಷದ ಕೆಲಸ. ವಿದ್ಯಾರ್ಥಿಗಳ ಆಂತರಿಕ ಅಂಕಗಳನ್ನು ತುಂಬುವ ಗಣಕದಲ್ಲಿ ಇದು ಅಧ್ಯಾಪಕರ ಸ್ವಂತ ಅನುಕೂಲದ ಪ್ರಶ್ನೆಯಷ್ಟೇ ಅಲ್ಲ. ಆ ಮಾಹಿತಿ ನಮ್ಮದಲ್ಲ, ಮಕ್ಕಳದು.

ಕೂಲಂಬನ ಪಾಠ ಮುಗಿದ ವಾರ ಪ್ರಯೋಗಶಾಲೆಯ ಸಹಾಯಕರೂ ನಾನೂ ಕುಳಿತು ಆ ಗಣಕದ ವಿಸ್ತರಣೆಗಳ ಪುಟವನ್ನು ತೆರೆದೆವು. ಹನ್ನೊಂದು ಇದ್ದವು. ಐದನ್ನು ಯಾರು ಹಾಕಿದರೆಂದು ಯಾರಿಗೂ ನೆನಪಿರಲಿಲ್ಲ. ಒಂದು ಹವಾಮಾನ ತೋರಿಸುವುದಾಗಿ ಹೇಳಿಕೊಂಡು ಎಲ್ಲ ತಾಣಗಳ ಮಾಹಿತಿ ಓದುವ ಅನುಮತಿ ಪಡೆದಿತ್ತು. ಮಳೆ ಬರುತ್ತದೆಯೇ ಎಂದು ತಿಳಿಯಲು ಅದಕ್ಕೆ ನಮ್ಮ ಮಿಂಚಂಚೆ ಏಕೆ ಬೇಕಿತ್ತೋ! ಒಂಬತ್ತನ್ನು ತೆಗೆದೆವು. ಝೊಟೆರೊದ ಕೊಂಡಿಯನ್ನೂ ಯುಬ್ಲಾಕ್ ಅನ್ನೂ ಉಳಿಸಿದೆವು. ಮರುದಿನ ಅನುವಾದಕ ಕಾಣೆಯಾದದ್ದನ್ನು ಕಂಡು ಇಬ್ಬರು ವಿದ್ಯಾರ್ಥಿನಿಯರು ಬಂದು ಕೇಳಿದರು. ಅದನ್ನು ಹಾಕಿದ್ದವರು ಅವರೇ. ಇಂಗ್ಲಿಷ್ ಪುಟಗಳು ತಮಗೆ ಕಷ್ಟವಾಗುತ್ತವೆ ಎಂದರು. ಅದೂ ನಿಜವೇ. ಗುಂಡಿ ಒತ್ತಿದಾಗ ಮಾತ್ರ ಕೆಲಸ ಮಾಡುವಂತೆ ಹೊಂದಿಸಿ ಅದನ್ನು ಮತ್ತೆ ಹಾಕಿಕೊಟ್ಟೆವು, ಪಕ್ಕದಲ್ಲಿ ಭೌತಶಾಸ್ತ್ರದ ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ಅಂಟಿಸಿ.