ಮರೆತ ಲಕೋಟೆಯೂ ಅಚೌರ್ಯಾಣುವ್ರತವೂ: ಒಂದು ಕ್ರಿಸ್‌ಮಸ್ ಚಲನಚಿತ್ರದ ವಿಮರ್ಶೆ

ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ಅಮೆರಿಕೆಯ ಕುಟುಂಬಗಳು ಕೆಲವು ನಿರ್ದಿಷ್ಟ ಚಲನಚಿತ್ರಗಳನ್ನು ವರ್ಷವರ್ಷವೂ ಒಟ್ಟಿಗೆ ಕುಳಿತು ನೋಡುವ ರೂಢಿಯಿದೆ. ಅಲ್ಲಿ ನೆಲೆಸಿರುವ ಜೈನ ಮನೆತನಗಳ ಮಕ್ಕಳೂ, ಇಲ್ಲಿ ಡಿಸೆಂಬರ್ ರಜೆಯಲ್ಲಿರುವ ನಮ್ಮ ಮಕ್ಕಳೂ ಅವನ್ನು ನೋಡುತ್ತಾರೆ. ಅನ್ಯಮತೀಯರ ಹಬ್ಬದ ಚಿತ್ರವೆಂದು ದೂರವಿಡುವುದು ಅನೇಕಾಂತವನ್ನು ಒಪ್ಪಿದವರಿಗೆ ಶೋಭಿಸದು. ಹಬ್ಬದ ಚಿತ್ರವಾದ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವೆಂದು ತಿಳಿಯುವುದೂ ಸಲ್ಲದು.

ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು 1990ರ 'ಹೋಮ್ ಅಲೋನ್'. ಒಂಟಿಯಾಗಿ ಮನೆಯಲ್ಲಿ ಉಳಿದ ಬಾಲಕನು ಇಬ್ಬರು ಕಳ್ಳರನ್ನು ಎದುರಿಸುವುದು ವಿರೋಧಿ ಹಿಂಸೆ. ಗೃಹಸ್ಥನಿಗೆ ಅದು ಪೂರ್ಣವಾಗಿ ನಿಷಿದ್ಧವಲ್ಲ. ಆದರೆ ಕಾದ ಬಾಗಿಲ ಹಿಡಿಯಿಂದ ಕೈ ಸುಟ್ಟುಕೊಂಡವನನ್ನೂ ಮುಖಕ್ಕೆ ಇಸ್ತ್ರಿಪೆಟ್ಟಿಗೆ ಬಿದ್ದವನನ್ನೂ ತೋರಿಸಿ ಪ್ರೇಕ್ಷಕರನ್ನು ನಗಿಸುವಲ್ಲಿ ರಕ್ಷಣೆಯ ಉದ್ದೇಶ ಮರೆಯಾಗಿ, ನಮ್ಮ ಶಾಸ್ತ್ರಕಾರರು ಹಿಂಸಾನಂದ ರೌದ್ರಧ್ಯಾನವೆಂದು ಕರೆದದ್ದೇ ಉಳಿಯುತ್ತದೆ. ಚಾರ್ಲ್ಸ್ ಡಿಕನ್ಸ್‌ನ 1843ರ ಕಥೆಯನ್ನು ಆಧರಿಸಿದ 1951ರ 'ಸ್ಕ್ರೂಜ್' ಇದಕ್ಕಿಂತ ಮೇಲು. ಲೋಭಕಷಾಯದ ಚಿತ್ರಣ ಅದರಲ್ಲಿ ನಿಜಕ್ಕೂ ಉತ್ತಮವಾಗಿದೆ. ಆದರೆ ಲೋಭಿಯ ಹೃದಯಪರಿವರ್ತನೆಯ ಫಲವಾಗಿ ಕೊಂದ ಟರ್ಕಿ ಕೋಳಿಯೊಂದು ಬಡವನ ಮನೆಗೆ ಹೋಗುತ್ತದೆ. ಅದನ್ನು ಕಂಡು ಸಂತೋಷಪಡುವುದು ನಮಗೆ ಕಷ್ಟ.

ವಿವರವಾಗಿ ಪರಿಶೀಲಿಸಲು ಯೋಗ್ಯವಾದದ್ದು ಫ್ರಾಂಕ್ ಕಾಪ್ರಾ ನಿರ್ದೇಶಿಸಿದ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಬಿಡುಗಡೆಯಾದಾಗ ಈ ಚಿತ್ರಕ್ಕೆ ನಷ್ಟವೇ ಆಯಿತು. 1974ರಲ್ಲಿ ಇದರ ಕೃತಿಸ್ವಾಮ್ಯವನ್ನು ನವೀಕರಿಸುವುದು ತಪ್ಪಿಹೋದುದರಿಂದ ದೂರದರ್ಶನ ಕೇಂದ್ರಗಳು ಶುಲ್ಕವಿಲ್ಲದೆ ಮತ್ತೆ ಮತ್ತೆ ಪ್ರಸಾರ ಮಾಡಿದವು. ಹೀಗೆ ಕಚೇರಿಯೊಂದರ ಮರೆವಿನಿಂದ ಪ್ರಸಿದ್ಧವಾದ ಚಿತ್ರದ ಕಥೆಯೂ ಒಂದು ಮರೆವಿನ ಮೇಲೆಯೇ ನಿಂತಿರುವುದು ಸೋಜಿಗ.

ನಾಯಕ ಜಾರ್ಜ್ ಬೇಲಿ (ನಟ ಜೇಮ್ಸ್ ಸ್ಟೂವರ್ಟ್) ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ, ನಮ್ಮ ಗೃಹನಿರ್ಮಾಣ ಸಹಕಾರ ಸಂಘಗಳನ್ನು ಹೋಲುವ ಸಂಸ್ಥೆಯೊಂದನ್ನು ನಡೆಸುತ್ತಾನೆ. ಠೇವಣಿದಾರರು ಭೀತಿಯಿಂದ ಮುತ್ತಿಗೆ ಹಾಕಿದ ದಿನ ತನ್ನ ಮಧುಚಂದ್ರಕ್ಕೆಂದು ಇಟ್ಟ 2,000 ಡಾಲರನ್ನು ಹಂಚಿ ಸಂಸ್ಥೆಯನ್ನು ಉಳಿಸುತ್ತಾನೆ. ದಿನದ ಕೊನೆಗೆ ಪೆಟ್ಟಿಗೆಯಲ್ಲಿ ಎರಡೇ ಡಾಲರ್. ಲೆಕ್ಕ ಬರೆಯುವ ಅಭ್ಯಾಸವಿದ್ದವರಿಗೆ ಆ ಎರಡು ಡಾಲರಿನ ಸಂಭ್ರಮ ಬೇಗನೆ ಅರ್ಥವಾಗುತ್ತದೆ. ಇದಕ್ಕಿಂತಲೂ ಮೆಚ್ಚಬೇಕಾದದ್ದು, ಅವನ ತ್ಯಾಗವನ್ನು ಚಿತ್ರವು ನಿರ್ಮಲವೆಂದು ತೋರಿಸದಿರುವುದು. ದೇಶಸಂಚಾರದ ಆಸೆಯನ್ನು ಅವನು ಬಿಟ್ಟನೇ ಹೊರತು ಅದರಿಂದ ಬಿಡುಗಡೆ ಹೊಂದಲಿಲ್ಲ. ಸಂಕಟದ ದಿನ ಹೆಂಡತಿ ಮಕ್ಕಳ ಮೇಲೆ ಕೂಗಾಡುತ್ತಾನೆ. ಸಂತೋಷವಿಲ್ಲದ ತ್ಯಾಗದ ಸ್ವರೂಪವೇ ಅದು.

ಈಗ ಲಕೋಟೆಯ ಪ್ರಸಂಗ. ಹಬ್ಬದ ಹಿಂದಿನ ದಿನ ಜಾರ್ಜನ ಚಿಕ್ಕಪ್ಪ ಬಿಲ್ಲಿ ಸಂಸ್ಥೆಯ 8,000 ಡಾಲರನ್ನು ಕಟ್ಟಲು ಬ್ಯಾಂಕಿಗೆ ಹೋಗುತ್ತಾನೆ. ಈತ ನೆನಪಿಗಾಗಿ ಬೆರಳುಗಳಿಗೆ ದಾರ ಕಟ್ಟಿಕೊಳ್ಳುವ ಮನುಷ್ಯ. ಅಲ್ಲಿ ಊರಿನ ಶ್ರೀಮಂತ ಪಾಟರನಿಗೆ ಜಂಬದಿಂದ ವೃತ್ತಪತ್ರಿಕೆ ತೋರಿಸುವ ಭರದಲ್ಲಿ, ಅದರೊಳಗೆ ಸೇರಿಹೋದ ಲಕೋಟೆಯನ್ನೂ ಅವನ ಕೈಗೇ ಕೊಟ್ಟುಬಿಡುತ್ತಾನೆ. ಪಾಟರನು ಪತ್ರಿಕೆ ಬಿಚ್ಚಿ ಹಣವನ್ನು ಕಾಣುತ್ತಾನೆ, ಬಿಲ್ಲಿ ತಡಕಾಡುತ್ತಿರುವುದನ್ನು ಬಾಗಿಲ ಸಂದಿಯಿಂದ ನೋಡುತ್ತಾನೆ, ಸುಮ್ಮನಾಗುತ್ತಾನೆ.

ಪಾಟರನು ಕಿತ್ತುಕೊಳ್ಳಲಿಲ್ಲ, ಬೀಗ ಮುರಿಯಲಿಲ್ಲ, ಸುಳ್ಳು ಲೆಕ್ಕ ಬರೆಯಲಿಲ್ಲ. ಹಣವು ಅದನ್ನು ತಂದವನ ಕೈಯಿಂದಲೇ ಅವನ ಕೈ ಸೇರಿತು. ಲೌಕಿಕ ದೃಷ್ಟಿಗೆ ಇದು ಅದೃಷ್ಟದಂತೆ ಕಂಡೀತು. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸ್ತೇಯವನ್ನು ವಿವರಿಸುವಾಗ, ಕೊಡದೆ ಇರುವುದನ್ನು ತೆಗೆದುಕೊಳ್ಳುವುದೆಂದಷ್ಟೇ ಹೇಳುತ್ತದೆ. ಕೈಗೆ ಬಂದದ್ದು ಬೇರೆ, ಕೊಟ್ಟದ್ದು ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಸ್ಪಷ್ಟವಾಗಿ, ಇತರರು ಇರಿಸಿದ್ದನ್ನೂ ಬೀಳಿಸಿದ್ದನ್ನೂ ಮರೆತುಹೋದದ್ದನ್ನೂ ಶ್ರಾವಕನು ತಾನು ತೆಗೆದುಕೊಳ್ಳಬಾರದು, ಬೇರೆಯವರಿಗೆ ಕೊಡಲೂಬಾರದು ಎಂದು ವಿಧಿಸಿದ್ದಾರೆ. ಆಚಾರ್ಯರು ಪ್ರತ್ಯೇಕವಾಗಿ ಎಣಿಸಿದ ಆ ಮರೆವಿನ ವಸ್ತುವೇ ಇಲ್ಲಿ ತೆರೆಯ ಮೇಲಿದೆ. ಅದೃಷ್ಟಕ್ಕೂ ಚೌರ್ಯಕ್ಕೂ ನಡುವಿನ ಗೆರೆಯನ್ನು ಅವನು ದಾಟುವುದು ಆ ಬಾಗಿಲ ಸಂದಿಯಲ್ಲಿ.

ಗಾಲಿಕುರ್ಚಿಯನ್ನು ತಳ್ಳುವ ಸೇವಕನೊಬ್ಬನು ಇದಕ್ಕೆಲ್ಲ ಸಾಕ್ಷಿ. ಅವನು ಒಂದು ಮಾತನ್ನೂ ಆಡುವುದಿಲ್ಲ. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದನ್ನು ಮಕ್ಕಳಿಗೆ ವಿವರಿಸಲು ಇಷ್ಟು ಸ್ಫುಟವಾದ ಉದಾಹರಣೆ ನನಗೆ ಬೇರೆ ಚಿತ್ರಗಳಲ್ಲಿ ದೊರೆತಿಲ್ಲ.

ಪಾಟರನಿಗೆ ಕೊನೆಯವರೆಗೂ ಶಿಕ್ಷೆಯಾಗುವುದಿಲ್ಲ, ಹಣವೂ ಹಿಂತಿರುಗುವುದಿಲ್ಲ. ಇದನ್ನು ಹಲವರು ದೋಷವೆಂದು ಎಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದೇ ಚಿತ್ರದ ಪ್ರಾಮಾಣಿಕತೆ. ಲಕೋಟೆಯನ್ನು ಮರೆಮಾಡಿದ ಕ್ಷಣದಲ್ಲೇ ಆಸ್ರವ ಬಂಧಗಳು ನಡೆದುಹೋದವು. ಪೊಲೀಸರು ಬರುವ ದೃಶ್ಯದಿಂದ ಅದಕ್ಕೆ ಏನೂ ಸೇರುವುದಿಲ್ಲ.

ದೇವದೂತನ ಪಾತ್ರದ ಬಗೆಗೆ ನಮ್ಮವರು ಸಂಕೋಚಪಡಬೇಕಾದದ್ದಿಲ್ಲ. ಮತ್ತೊಬ್ಬರ ಕರ್ಮವನ್ನು ಯಾವ ದೇವನೂ ಕಳೆಯಲಾರನೆಂಬುದು ನಮ್ಮ ಸಿದ್ಧಾಂತ. ಈ ದೇವದೂತನೂ ಹಣ ತರುವುದಿಲ್ಲ. ಜೀವವಿಮೆಯ ಹಣದ ಲೆಕ್ಕ ಹಾಕುತ್ತ ಸೇತುವೆಯ ಮೇಲೆ ಪ್ರಾಣ ಬಿಡಲು ನಿಂತ ಜಾರ್ಜನ ಎದುರು ಅವನೇ ಮೊದಲು ನೀರಿಗೆ ಬೀಳುತ್ತಾನೆ. ಮುಳುಗುವವನನ್ನು ಕಂಡು ಜಾರ್ಜನಲ್ಲಿ ಅನುಕಂಪೆಯುಂಟಾಗಿ, ತನ್ನ ದುಃಖವನ್ನು ಮರೆತು ಹಾರಿ ಅವನನ್ನು ಎಳೆದು ತರುತ್ತಾನೆ. ತಾನಿಲ್ಲದ ಊರು ಹೇಗಿರುತ್ತಿತ್ತೆಂಬುದನ್ನು ಅವನು ಕಾಣುವುದು ಆಮೇಲೆ. ಉಳಿದದ್ದು ಮಾತ್ರ ಆ ಜಿಗಿತದಲ್ಲಿ.

ನನಗೆ ಒಪ್ಪಿಗೆಯಾಗದ್ದು ಬಿಲ್ಲಿಯ ವಿಚಾರ. ನಿರ್ದೇಶಕರು ಅವನನ್ನು ಮುದ್ದಿನ ಮರೆಗುಳಿಯಾಗಿಯೇ ಉಳಿಸಿದ್ದಾರೆ. ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದ ಧರ್ಮ ನಮ್ಮದು. ಪಾಟರನ ಲೋಭಕ್ಕೆ ಬಾಗಿಲು ತೆರೆದದ್ದು ಬಿಲ್ಲಿಯ ಪ್ರಮಾದ. ಅದೂ ತನ್ನ ಹಣದಲ್ಲಲ್ಲ, ನೂರಾರು ಸದಸ್ಯರು ನಂಬಿ ಇಟ್ಟ ಹಣದಲ್ಲಿ. ಬಸದಿಗಳ ಭಂಡಾರವನ್ನೂ ಸಂಘಗಳ ನಿಧಿಯನ್ನೂ ನೋಡಿಕೊಳ್ಳುವ ಟ್ರಸ್ಟಿಗಳು ಅವನ ಬೆರಳಿನ ದಾರಗಳನ್ನು ಕಂಡು ನಗಲಾರರು. ಇಂಥವನ ಕೈಗೆ ಒಬ್ಬನನ್ನೇ ನಂಬಿ ನಗದು ಕೊಟ್ಟು ಕಳುಹಿಸಿದ ಜಾರ್ಜನ ಹೊಣೆಯನ್ನೂ ಚಿತ್ರವು ಮುಟ್ಟುವುದಿಲ್ಲ.

ಅಂತ್ಯದಲ್ಲಿ ಊರಿನವರೆಲ್ಲ ಹಣ ತಂದು ಸುರಿಯುತ್ತಾರೆ. ಮಿತ್ರನೊಬ್ಬನು 25,000 ಡಾಲರುಗಳವರೆಗೆ ಕೊಡಿಸುವೆನೆಂದು ತಂತಿ ಕಳುಹಿಸುತ್ತಾನೆ; ಲೆಕ್ಕ ತನಿಖೆಗೆ ಬಂದ ಅಧಿಕಾರಿಯೂ ತನ್ನ ಕಾಣಿಕೆ ಹಾಕುತ್ತಾನೆ! ತನಿಖೆಗೆ ಒಳಪಟ್ಟ ಸಂಸ್ಥೆಗೆ ತನಿಖಾಧಿಕಾರಿಯೇ ದಾನಿಯಾಗುವುದನ್ನು ವಾಣಿಜ್ಯ ಓದಿದವರು ಒಪ್ಪಲಾರರು, ಆದರೂ ನೋಡುವಾಗ ಕಣ್ಣು ತೇವವಾಗುತ್ತದೆ. ಯಾರೂ ರಸೀದಿ ಬರೆಯುವುದಿಲ್ಲ, ಯಾರೂ ಹೆಸರು ಕೂಗಿ ಹೇಳಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಇಷ್ಟು ಜನ ಇಷ್ಟು ಹಣ ಕೊಟ್ಟಿದ್ದರೆ ಅಮೃತಶಿಲೆಯ ಫಲಕವೊಂದು ಅಷ್ಟರಲ್ಲಿ ಸಿದ್ಧವಾಗುತ್ತಿತ್ತು.

ಚಿತ್ರದ ಅವಧಿ ಎರಡು ಗಂಟೆ ಹತ್ತು ನಿಮಿಷ. ಆಮೇಲೆ ಬಣ್ಣ ಹಚ್ಚಿದ ಪ್ರತಿಗಳೂ ಇವೆ. ಕಪ್ಪು ಬಿಳುಪಿನ ಮೂಲವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಮಕ್ಕಳು ನಿದ್ರೆಗೆ ಹೋಗುವುದರೊಳಗೆ ಚಿತ್ರವನ್ನು ಪೂರ್ತಿಯಾಗಿ ನೋಡಿ, ಲಕೋಟೆಯ ವಿಷಯವಾಗಿ ಒಂದಿಷ್ಟು ಮಾತನಾಡಲೂ ಸಮಯ ಉಳಿಯುತ್ತದೆ.